ಮಗಳ ಸೀರಮ್ಮು, ನನ್ನ ಮುಖ

ನಾನು ಕಳ್ಳಿ. ಹೇಳಿಕೊಳ್ಳುವಂಥ ದೊಡ್ಡ ಕಳ್ಳಿಯೇನಲ್ಲ. ಸ್ವಂತ ಮಗಳ ಬಾತ್‌ರೂಮ್ ಕಪಾಟಿನಿಂದ ಹನಿ ಹನಿಯಾಗಿ ಕದ್ದವಳು. ಚಿನ್ನ ಕದ್ದವರಿಗೆ ಕೊನೆಗೆ ಚಿನ್ನವಾದರೂ ದಕ್ಕುತ್ತದೆ. ನನಗೆ ಮೊದಲಿನಿಂದ ಮುಖದ ಮೇಲಿದ್ದ ಚರ್ಮವೂ ದಕ್ಕಲಿಲ್ಲ. ಹೆಂಗಸರು ಚಂದ ಕಾಣಬೇಕೆಂದು ಏನೇನೋ ಮೆತ್ತಿಕೊಳ್ಳುವುದನ್ನು ನೋಡಿ ಜೀವಮಾನವಿಡೀ ನಕ್ಕವಳು ನಾನು. ಅರಸಿನ, ಕಡ್ಲೆಹಿಟ್ಟು, ಹಬ್ಬಕ್ಕೆ ಒಂದಿಷ್ಟು ತೆಂಗಿನೆಣ್ಣೆ, ಇಷ್ಟರಲ್ಲೇ ನಲವತ್ತೊಂಬತ್ತು ವರ್ಷ ದಾಟಿಸಿದ್ದೆ. ಆ ಅಹಂಕಾರ ಇಳಿಯಲು ಹತ್ತು ದಿನ ಸಾಕಾಯಿತು.

ಶುರುವಾದದ್ದು ಬೇಲಾಪುರದ ನಮ್ಮ ಕಚೇರಿಯಲ್ಲಿ. ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತಿ, ಠಾಣೆಯಲ್ಲಿ ಇಳಿದು, ಇನ್ನೊಂದು ಗಾಡಿ ಹಿಡಿದು ಬೇಲಾಪುರ ಮುಟ್ಟುವಷ್ಟರಲ್ಲಿ ಯಾವ ಸುಂದರಿಯ ಮುಖವೂ ಹಿಂಡಿದ ನಿಂಬೆಯಂತಾಗಿರುತ್ತದೆ. ಅವತ್ತು ಹಾಗೆ ಹೋಗಿ ಕುರ್ಚಿಯಲ್ಲಿ ಕುಸಿದಾಗ, ಪಕ್ಕದ ಮೇಜಿಗೆ ಹೊಸದಾಗಿ ಬಂದಿದ್ದ ಹುಡುಗಿ ಬಹಳ ಪ್ರೀತಿಯಿಂದ ಕೇಳಿದಳು: "ಮ್ಯಾಡಮ್, ಆಪಕಾ ರಿಟೈರ್‌ಮೆಂಟ್ ಇಸೀ ಸಾಲ್ ಹೈ ನಾ?"

ಈ ವರ್ಷವಲ್ಲ, ಇನ್ನೂ ಒಂಬತ್ತು ವರ್ಷ ಇದೆ ತಾಯಿ ಎಂದೆ. ಅವಳು "ಸಾರಿ ಮ್ಯಾಡಮ್" ಎಂದಳು. ಆ ಸಾರಿಯಲ್ಲಿದ್ದ ಕನಿಕರ ನನ್ನನ್ನು ಸಂಜೆಯವರೆಗೂ ಚುಚ್ಚಿತು. ಮಧ್ಯಾಹ್ನ ಊಟದ ಡಬ್ಬಿ ತೊಳೆಯುವ ನೆಪದಲ್ಲಿ ನಾಲ್ಕು ಸಲ ಕನ್ನಡಿ ನೋಡಿದೆ. ಸರಕಾರಿ ಕಟ್ಟಡದ ಟ್ಯೂಬ್‌ಲೈಟಿನ ಕೆಳಗೆ ದೇವತೆಯರೂ ಸುಸ್ತಾದ ಗುಮಾಸ್ತೆಯರಂತೆ ಕಾಣುತ್ತಾರೆ ಎಂದು ಸಮಾಧಾನ ಮಾಡಿಕೊಂಡರೂ ಮನಸ್ಸು ಮನೆಯ ಬಾತ್‌ರೂಮ್ ಕಪಾಟಿನ ಕಡೆಗೆ ಓಡುತ್ತಿತ್ತು.

ಆ ಕಪಾಟು ಮಗಳು ಅನ್ವಿತಾಳದ್ದು. ಅವಳಿಗೆ ಇಪ್ಪತ್ಮೂರು. ಮಾಜಿವಾಡಾದ ಹೈವೇ ಹತ್ತಿರ ಅವಳ ಆಫೀಸು. ಅಲ್ಲಿನ ಧೂಳು ಹೊಗೆಗೆ ಮೊಡವೆ ಎದ್ದು, ಚರ್ಮದ ಡಾಕ್ಟರನ್ನು ಕಂಡು, ಮೊದಲ ಸಂಬಳದಲ್ಲಿ ಮುಖಕ್ಕೆ ಹಚ್ಚುವ ಸೀರಮ್ಮಿನ ಐದು ಪುಟ್ಟ ಬಾಟಲಿ ತಂದು ಸಾಲಾಗಿ ಇಟ್ಟಿದ್ದಳು. ನಿಯಾಸಿನಮೈಡ್, ಸ್ಯಾಲಿಸಿಲಿಕ್ ಆ್ಯಸಿಡ್, ಹೈಲುರಾನಿಕ್ ಆ್ಯಸಿಡ್, ರೆಟಿನಾಲ್, ವಿಟಮಿನ್ ಸಿ. ನನ್ನ ಗಂಡ ಸದಾನಂದರು ಡೊಂಬಿವಲಿಯ ಒಂದು ಕೆಮಿಕಲ್ ಫ್ಯಾಕ್ಟರಿಯಲ್ಲಿ ಸ್ಟೋರ್‌ಕೀಪರ್. ಅವರು ಆ ಸಾಲನ್ನು ಮೊದಲ ಸಲ ನೋಡಿದಾಗ ಕನ್ನಡಕ ಏರಿಸಿ, "ಆ್ಯಸಿಡ್ಡಿನ ಡ್ರಮ್ಮು ಸರಿಸುವಾಗ ನಾವು ಕೈಗೆ ಗ್ಲೌಸು, ಕಾಲಿಗೆ ಬೂಟು ಹಾಕುತ್ತೇವೆ ಮಾರಾಯ್ತಿ. ನಿನ್ನ ಮಗಳು ಕೆನ್ನೆಗೆ ಹಾಕುತ್ತಾಳೆ" ಎಂದಿದ್ದರು. ಹಲ್ಲುಜ್ಜುವ ಮೊದಲು ಎರಡೆರಡು ಸಲ ನೋಡಿ ಬ್ರಷ್ಷು ಎತ್ತುವುದನ್ನು ಅವತ್ತೇ ಅಭ್ಯಾಸ ಮಾಡಿಕೊಂಡರು.

ನಾನು ಅಷ್ಟು ಪುಕ್ಕಲಿಯಲ್ಲ. ಉಡುಪಿ ಕಡೆಯವಳು, ಒಂದು ಕೊದ್ದೆಲಿಗೆ, ಅಂದರೆ ಹುಳಿಗೆ, ಹತ್ತು ಪದಾರ್ಥ ಹುರಿದು ರುಬ್ಬಿ ಗೊತ್ತಿರುವವಳು. ಐದು ಬಾಟಲಿಯಲ್ಲಿ ಒಂದೊಂದೂ ಒಳ್ಳೆಯದಾದರೆ ಐದೂ ಸೇರಿದರೆ ಎಷ್ಟು ಒಳ್ಳೆಯದಿರಬೇಡ! ಮರುದಿನ ಬೆಳಿಗ್ಗೆ ಮಗಳು ಏಳುವ ಮೊದಲು ಬಾತ್‌ರೂಮಿಗೆ ಹೋಗಿ, ಅಂಗೈಯಲ್ಲಿ ಐದನ್ನೂ ಕಲಸಿ, ಕುತ್ತಿಗೆಯವರೆಗೆ ತಿಕ್ಕಿ, ಅದೇ ಮುಖ ಹೊತ್ತು ಬಿಸಿಲಿಗೆ ಇಳಿದು ಸ್ಟೇಶನ್ನಿಗೆ ನಡೆದೆ. ಒಳ್ಳೆಯ ಉರಿ. ಉಪ್ಪಿನಕಾಯಿಯ ಮೆಣಸು ರುಬ್ಬಿದ ಕೈಯಲ್ಲಿ ಕಣ್ಣೊರೆಸಿದ ಹಾಗೆ. ಉರಿದರೆ ಮದ್ದು ಕೆಲಸ ಮಾಡುತ್ತಿದೆ ಎಂದೇ ನಮ್ಮಮ್ಮ ಹೇಳುತ್ತಿದ್ದುದು. ನಾಲ್ಕನೆಯ ದಿನ ಮೂಗಿನ ಬದಿಯಲ್ಲಿ ಚರ್ಮ ಎದ್ದಿತು. ಹಳೆಯದು ಹೋಗಿ ಹೊಸದು ಬರುತ್ತಿದೆ ಎಂದು ಹಿಗ್ಗಿ ಪ್ರಮಾಣ ಹೆಚ್ಚಿಸಿದೆ.

ಹತ್ತನೆಯ ದಿನ ಭಾನುವಾರ. ಬಾತ್‌ರೂಮಿನಿಂದ ಕೂಗು ಕೇಳಿತು. "ಅಮ್ಮಾ! ಮೇರಾ ಸೀರಮ್ ಆಧಾ ಹೋ ಗಯಾ!" ಅನ್ವಿತಾಳಿಗೆ ಕನ್ನಡ, ತುಳು ಎರಡೂ ಅರ್ಥವಾಗುತ್ತವೆ, ಸಿಟ್ಟು ಮಾತ್ರ ಹಿಂದಿಯಲ್ಲೇ ಬರುವುದು. ಅರ್ಧ ಬಾಟಲಿ ಖಾಲಿಯಾದದ್ದನ್ನು ಬೆಳಕಿಗೆ ಹಿಡಿದು ತೋರಿಸಿ, ದನಿ ತಗ್ಗಿಸಿ ಹೇಳಿದಳು: "ಅಮ್ಮಾ, ರೇಣುಕಾ ಬಾಯಿನೇ ರೋಜ್ ಬಾತ್‌ರೂಮ್ ತೊಳೆಯೋದು. ಔರ್ ಕೌನ್?"

ನಮ್ಮ ಮನೆಗೆಲಸದ ಬಾಯಿ ರೇಣುಕಾ ಕಲಬುರಗಿ ಕಡೆಯವಳು. ಗಂಡ ಇಲ್ಲೇ ಪಕ್ಕದ ಕಲ್ಯಾಣದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ; ಇವಳು ನಮ್ಮ ಸೊಸೈಟಿ ಕಟ್ಟಡದ ಐದು ಮನೆಯ ಪಾತ್ರೆ, ನೆಲ, ಬಾತ್‌ರೂಮ್ ನೋಡುತ್ತಾಳೆ. ಆರು ವರ್ಷದಲ್ಲಿ ನಮ್ಮ ಮನೆಯ ಒಂದು ಚಮಚವೂ ಆಚೀಚೆಯಾಗಿಲ್ಲ. ನಾನು ಆ ಕ್ಷಣ "ನಾನೇ ಹಚ್ಚಿದ್ದು" ಎಂದಿದ್ದರೆ ಇಷ್ಟೆಲ್ಲ ಬರೆಯುವ ಪ್ರಮೇಯವೇ ಇರಲಿಲ್ಲ. ಹೇಳಲಿಲ್ಲ. "ಗಾಳಿಗೆ ಆರಿರಬಹುದು" ಎಂದೆ. ಮುಚ್ಚಳ ಬಿಗಿದ ಬಾಟಲಿಯಿಂದ ಗಾಳಿಗೆ ಆರುವುದು! ಕಳ್ಳತನಕ್ಕಿಂತ ಈ ಮಾತಿಗೆ ನನಗೆ ಈಗಲೂ ಹೆಚ್ಚು ನಾಚಿಕೆಯಾಗುತ್ತದೆ.

ಮಗಳು ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹತ್ತು ಗಂಟೆಗೆ ರೇಣುಕಾ ಬಂದಾಗ ಬಾಟಲಿ ಹಿಡಿದೇ ಬಾಗಿಲಲ್ಲಿ ನಿಂತಿದ್ದಳು. ಬೈಯಲಿಲ್ಲ. ಬಹಳ ಮರ್ಯಾದೆಯಿಂದ, "ಬಾಯಿ, ಬೇಕಾದರೆ ಕೇಳಿ ತಗೋಬೇಕಿತ್ತು" ಎಂದಳು. ಆ ಮರ್ಯಾದೆಗಿಂತ ಬೈಗುಳವೇ ಹಗುರವಿರುತ್ತಿತ್ತು. ರೇಣುಕಾ ಸೆರಗಿಗೆ ಕೈ ಒರೆಸಿಕೊಂಡು, "ನಾ ಮುಟ್ಟಿಲ್ರಿ ತಂಗಿ" ಎಂದಷ್ಟೇ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಸೋಫಾದಲ್ಲಿ ಪೇಪರಿನ ಹಿಂದೆ ಅಡಗಿದ್ದ ನನ್ನ ಮುಖ ಅಷ್ಟು ಹೊತ್ತಿಗೆ ಸೀಳುಬಿಟ್ಟ ಹಪ್ಪಳದಂತಾಗಿತ್ತು. ಗಂಡನಿಗೆ, ಮಗಳಿಗೆ "ಬಿಸಿಲಿನ ಉಷ್ಣ" ಎಂದು ಹೇಳಿ ನಂಬಿಸಿದ್ದೆ. ರೇಣುಕಾ ಒಂದು ಕ್ಷಣ ನೋಡಿದಳು, ಪಾತ್ರೆ ತಿಕ್ಕಲು ಅಡುಗೆಮನೆಗೆ ಹೋದಳು.

ಅವಳು ಪಾತ್ರೆ ತಿಕ್ಕುವ ಸದ್ದು ಕೇಳುತ್ತ ಐದು ನಿಮಿಷ ಕೂತೆ. ಪೇಪರಿನ ಒಂದಕ್ಷರವೂ ತಲೆಗೆ ಹೋಗಲಿಲ್ಲ. ನಾಳೆಯಿಂದ ಅವಳು ಬಾರದೇ ಹೋದರೆ ಪಾತ್ರೆ ತೊಳೆಯುವವರು ಯಾರು ಎಂಬ ಯೋಚನೆ ಮೊದಲು ಬಂತು. ಅದು ಬಂದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು. ಸೊಸೈಟಿಯ ಉಳಿದ ನಾಲ್ಕು ಮನೆಗೆ ಸುದ್ದಿ ಹೋಗಲು ಒಂದು ಲಿಫ್ಟ್ ಪ್ರಯಾಣ ಸಾಕು. ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ, "ಅನ್ವಿತಾ, ಇಲ್ಲಿ ಬಾ. ಐದೂ ಬಾಟಲಿ ಹಚ್ಚಿದ್ದು ನಾನು. ದಿನಾ. ಒಟ್ಟಿಗೆ ಕಲಸಿ" ಎಂದೆ.

ಮಗಳು ಬಾಟಲಿ ಹಿಡಿದೇ ಓಡಿ ಬಂದಳು. ಹಾಲ್‌ನಲ್ಲಿದ್ದ ಗಂಡ ಎದ್ದು ಬಂದು ನನ್ನ ಮುಖವನ್ನು ಫ್ಯಾಕ್ಟರಿಗೆ ಬಂದ ಒಡೆದ ಡ್ರಮ್ಮನ್ನು ನೋಡುವಂತೆ ನೋಡಿದರು. ನಾನು ರೇಣುಕಾಳಿಗೆ, "ತಪ್ಪಾಯ್ತು ಮಾರಾಯ್ತಿ, ಆಗಲೇ ಹೇಳಬೇಕಿತ್ತು" ಎಂದೆ. ಅವಳು ತಿಕ್ಕುತ್ತಿದ್ದ ಕುಕ್ಕರನ್ನು ಬದಿಗಿಟ್ಟಳು.

"ನನಗ ಮದಲನೇ ದಿನಾನೇ ಗೊತ್ತಿತ್ರಿ ಅಕ್ಕೋರೆ. ಬೇಸಿನ್ ತುಂಬ ಹನಿ ಬಿದ್ದಿದ್ವು, ನಾನೇ ಒರಸೀನಿ. ನಿಮ್ಮ ಮಾರಿ ಕುದಿಸಿದ ಆಲೂಗಡ್ಡಿ ಸುಲದಂಗ ಸುಲೀಲಿಕ್ಕತ್ತದ. ಅದು ಕಾಣಂಗಿಲ್ಲೇನು?"

"ಮತ್ತೆ ನನ್ನ ಹೆಸರು ಹೇಳಲಿಲ್ಲ ಯಾಕೆ?"

"ನೀವೇ ಹೇಳ್ತೀರಿ ಅಂತ ಕಾದೆ. ಕುಕ್ಕರ್ ಮುಗಿಯೂತನಕ ನೋಡೋಣಂತ ಮಾಡಿದ್ದೆ. ಆಮ್ಯಾಲ ನಾನೇ ಹೇಳಾಕಿ ಇದ್ದೆ. ನನಗೂ ಮಾನ ಅದರೀ."

ಕುಕ್ಕರ್ ಮುಗಿಯಲು ಮುಚ್ಚಳವೊಂದೇ ಬಾಕಿಯಿತ್ತು. ಅಷ್ಟರಲ್ಲಿ ಪಾರಾಗಿದ್ದೆ. ಅನ್ವಿತಾ ರೇಣುಕಾಳ ಒದ್ದೆ ಕೈ ಹಿಡಿದು "ಸಾರಿ ಬಾಯಿ, ಮಾಫ್ ಕರೋ" ಎಂದು ಅತ್ತೇಬಿಟ್ಟಳು. ರೇಣುಕಾ ಅವಳನ್ನು ಸಮಾಧಾನ ಮಾಡಿದಳು. ನನ್ನನ್ನು ಯಾರೂ ಸಮಾಧಾನ ಮಾಡಲಿಲ್ಲ; ಅದು ನ್ಯಾಯವೇ.

ಅತ್ತು ಮುಗಿದ ಮೇಲೆ ಮಗಳು ಮೇಷ್ಟ್ರಾದಳು. ನನ್ನನ್ನು, ರೇಣುಕಾಳನ್ನು ಕೂರಿಸಿ ಐದೂ ಬಾಟಲಿ ಮುಂದಿಟ್ಟಳು. ಲೇಬಲ್ಲಿನಲ್ಲಿ ಯಾವುದು ಹೆಚ್ಚಿದೆಯೋ ಅದರ ಹೆಸರು ಮೊದಲು ಬರುತ್ತದಂತೆ. ಎಲ್ಲದರಲ್ಲೂ ಮೊದಲ ಹೆಸರು 'ಆಕ್ವಾ'. ಏನೋ ಸಮುದ್ರದಾಳದ ಔಷಧವೆಂದುಕೊಂಡಿದ್ದೆ, ನೀರು! ಗ್ಲಿಸರಿನ್ ತೇವ ಎಳೆದುಕೊಳ್ಳುತ್ತದೆ. ಹೈಲುರಾನಿಕ್ ಹೆಸರಿಗೆ ಆ್ಯಸಿಡ್, ಗುಣದಲ್ಲಿ ಸಾಧು, ನೀರು ಹಿಡಿದಿಡುವುದಷ್ಟೇ ಅದರ ಕೆಲಸ. ನಿಯಾಸಿನಮೈಡ್ ಒಂದು ಜಾತಿಯ ಬಿ ವಿಟಮಿನ್, ಚರ್ಮವನ್ನು ಶಾಂತ ಮಾಡುತ್ತದೆ. ಸ್ಯಾಲಿಸಿಲಿಕ್ ರಂಧ್ರದೊಳಗಿನ ಜಿಡ್ಡು ಬಿಡಿಸುವುದು, ಮೊಡವೆಯವರಿಗೆ. ವಿಟಮಿನ್ ಸಿ ಬೆಳಿಗ್ಗೆ, ಮೇಲೆ ಸನ್‌ಸ್ಕ್ರೀನ್. ರೆಟಿನಾಲ್ ಮಲಗುವ ಮುಂಚೆ, ಬಟಾಣಿ ಕಾಳಿನಷ್ಟು, ಅದೂ ಶುರುವಿನಲ್ಲಿ ವಾರಕ್ಕೆ ಎರಡು ಸಲ. ನಾನು ಅದನ್ನು ಬೆಳಿಗ್ಗೆ, ದೋಸೆಹಿಟ್ಟಿನಷ್ಟು, ದಿನವೂ ಹಚ್ಚಿ ಬಿಸಿಲಿಗೆ ಹೋಗಿದ್ದೆ. "ತುಮಚಾ ಚೆಹರಾ ಉಳಿದಿದ್ದೇ ಚಮತ್ಕಾರ" ಎಂದು ಮಗಳು ಮೂರು ಭಾಷೆಯಲ್ಲಿ ತೀರ್ಪು ಕೊಟ್ಟಳು. ಎಲ್ಲ ಬಂದ್, ಚರ್ಮ ಸರಿಯಾಗುವವರೆಗೆ ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್, ಹಗಲಿಗೆ ಸನ್‌ಸ್ಕ್ರೀನ್. ಉರಿ ಇಳಿಯದಿದ್ದರೆ ಸೀದಾ ಡಾಕ್ಟರು.

ರೇಣುಕಾ ಎಲ್ಲ ಕೇಳಿಸಿಕೊಂಡು ತನ್ನ ಹಿಮ್ಮಡಿ ಮುಂದೆ ಚಾಚಿದಳು. ಸೋಪಿನ ನೀರಿನಲ್ಲೇ ದಿನ ಕಳೆಯುವ ಕಾಲು, ಬೇಸಿಗೆಯ ಕೆರೆಯಂತೆ ಬಿರುಕು ಬಿಟ್ಟಿತ್ತು. "ಇದಕ್ಕೇನರ ಅದ ಏನ್ ತಂಗಿ?" ಅನ್ವಿತಾ ಕೋಣೆಯಿಂದ ಒಂದು ಹೊಸ ಟ್ಯೂಬ್ ತಂದಳು. "ಇದರಲ್ಲಿ ಯೂರಿಯಾ ಇದೆ. ಗಟ್ಟಿ ಚರ್ಮ ಮೆತ್ತಗಾಗುತ್ತೆ."

"ಯೂರಿಯಾ?" ರೇಣುಕಾ ಕಣ್ಣರಳಿಸಿದಳು. "ನಮ್ಮ ತೊಗರಿ ಹೊಲಕ್ಕ ಹಾಕ್ತಾರಲ್ರಿ, ಅದಾ? ಹಚ್ಚಿದರ ಕಾಲಾಗ ಏನರ ಬೆಳದೀತು!" ಅವಳು ನಕ್ಕಿದ್ದಕ್ಕೆ ಮನೆಯವರೆಲ್ಲ ನಕ್ಕೆವು. ನಕ್ಕರೆ ನನ್ನ ಕೆನ್ನೆ ಉರಿಯುತ್ತಿತ್ತು, ಆದರೂ ನಕ್ಕೆ.

ತಿಂಗಳು ಕಳೆಯುವಷ್ಟರಲ್ಲಿ ಅವಳ ಹಿಮ್ಮಡಿ ಕೂಡಿಕೊಂಡಿತು. ನನ್ನ ಮುಖ ಮೊದಲಿನ ಸ್ಥಿತಿಗೆ, ಅಂದರೆ ನಲವತ್ತೊಂಬತ್ತಕ್ಕೆ, ಕ್ಷೇಮವಾಗಿ ಮರಳಿತು. ಮೊನ್ನೆ ಬೆಳಿಗ್ಗೆ ನೋಡಿದರೆ ಕಪಾಟಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದೆ. ಹದಿನೈದು ವರ್ಷ ಬೇಸಿಗೆ ರಜೆಯಲ್ಲೆಲ್ಲ ಗೋಗರೆದರೂ ಕನ್ನಡ ಅಕ್ಷರ ಬರೆಯದ ನನ್ನ ಮಗಳು, ಯಾರನ್ನು ಕೇಳಿಕೊಂಡಳೋ, ಮೊದಲ ಬಾರಿಗೆ ಇಡೀ ಒಂದು ವಾಕ್ಯ ಕನ್ನಡದಲ್ಲಿ ಬರೆದಿದ್ದಳು: "ಅಮ್ಮ ಮುಟಬಾರದು."

ಅಕ್ಷರ ಅಕ್ಷರ ಕೂಡಿಸಿ ಎರಡು ಸಲ ಓದಿದೆ. ಆಮೇಲೆ ಪೆನ್ನು ತಂದು, ಬಾಟಲಿಗಳ ಕಡೆ ಕಣ್ಣೆತ್ತದೆ, ಟ ಅಕ್ಷರದ ಕೆಳಗೆ ನಾನೇ ಒತ್ತು ಕೊಟ್ಟೆ.