ಎಂಟು ಜನ, ಐನೂರ ನಲವತ್ತನಾಲ್ಕು ಕೆ.ಜಿ.

ಗೊತ್ತಿರುವುದನ್ನು ಬಾಯಿಬಿಟ್ಟು ಹೇಳುವುದು ತಪ್ಪೇ? ಬೇರೆ ಮನೆಗಳಲ್ಲಿ ಹೇಗೋ ಕಾಣೆ, ನಮ್ಮ ಮನೆಯಲ್ಲಿ ತಪ್ಪು.

ನಾನು ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತೆರಡು ವರ್ಷಗಳಿಂದ ಜನರನ್ನು ಮೇಲೆತ್ತುವುದೇ ಕೆಲಸ. ಉದ್ಧಾರ ಎಂದರೆ ಮೇಲೆತ್ತುವುದು ಎಂದು ಪಂಡಿತರು ಹೇಳುವುದು ನಿಜವಾದರೆ, ನನ್ನಷ್ಟು ಜನೋದ್ಧಾರ ಮಾಡಿದವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ. (ನಾವಿರುವ ಮೂರನೇ ಮಹಡಿಗೆ ಮಾತ್ರ ಲಿಫ್ಟಿಲ್ಲ. ‘ಊರೆಲ್ಲ ಉದ್ಧಾರ ಆಯ್ತು, ಮನೆಯೊಂದು ಉಳೀತು’ ಎಂದು ತರಕಾರಿ ಚೀಲ ಹೊತ್ತು ಮೆಟ್ಟಿಲು ಹತ್ತುವಾಗಲೆಲ್ಲ ಹೆಂಡತಿ ಹೇಳುತ್ತಾಳೆ.)

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಬೆಳಗಿನ ಐದಕ್ಕೇ ಮನೆ ಬಿಡುವವಳು. ಸಂಜೆ ಐದೂವರೆಯಿಂದ ಆರರವರೆಗಿನ ಅರ್ಧ ಗಂಟೆ ಅವಳ ನಿದ್ದೆಗೆ ಮೀಸಲು. ಅದನ್ನು ಅವಳಿಗೆ ದಯಪಾಲಿಸಿದ್ದು ನಾನಲ್ಲ, ‘ಏಳನೇ ಕಕ್ಷೆಯ ಮಕ್ಕಳು’ ಎಂಬ ಟಿವಿ ಧಾರಾವಾಹಿ. ದೊಡ್ಡವರೆಲ್ಲ ಯಾವುದೋ ಗ್ರಹದಲ್ಲಿ ಉಳಿದುಹೋಗಿ, ಐದು ಮಕ್ಕಳೇ ಆಕಾಶನೌಕೆ ನಡೆಸಿಕೊಂಡು ಮನೆಗೆ ಮರಳುವ ಕಥೆ. ನನ್ನ ಹತ್ತು ವರ್ಷದ ಮಗಳು, ಎದುರು ಮನೆಯ ಕನ್ನಡಕದ ಹುಡುಗ (ಮಕ್ಕಳ ಬಾಯಲ್ಲಿ ಅವನು ಪ್ರೊಫೆಸರ್), ಮೇಲಿನ ಮಹಡಿಯ ಅವಳಿ ಹುಡುಗಿಯರು, ಈ ನಾಲ್ವರು ನಮ್ಮ ಹಾಲಿನಲ್ಲಿ ಚಾಪೆ ಹಾಸಿ ಕೂತರೆಂದರೆ ಆರು ಗಂಟೆಯವರೆಗೆ ಉಸಿರಾಡುವ ಸದ್ದೂ ಇಲ್ಲ.

ಒಂದು ಮಂಗಳವಾರ ಕೆಲಸ ಬೇಗ ಮುಗಿಯಿತು. ನಾನೂ ಅವರ ಹಿಂದೆ ಕುರ್ಚಿ ಹಾಕಿಕೊಂಡೆ. ನೌಕೆಯ ಮೇಲೆ ಉಲ್ಕೆಗಳ ಸುರಿಮಳೆ. ಹದಿಮೂರರ ಕ್ಯಾಪ್ಟನ್ ಹುಡುಗಿ ಬೆರಳನ್ನು ಕೆಂಪು ಗುಂಡಿಯ ಮೇಲಿಟ್ಟು, ‘ಇದನ್ನು ಒತ್ತಿದರೆ ಬೆಳಕನ್ನೂ ಹಿಂದೆ ಹಾಕುತ್ತೇವೆ. ಬದುಕುತ್ತೇವೋ ಇಲ್ಲವೋ ಗೊತ್ತಿಲ್ಲ’ ಎಂದಳು. ಮಗಳು ಪ್ರೊಫೆಸರನ ಮೊಣಕೈ ಹಿಡಿದುಕೊಂಡಳು.

ನಾನು ಆ ಗುಂಡಿಯನ್ನು ನೋಡಿದೆ. ಇಪ್ಪತ್ತೆರಡು ವರ್ಷದ ಅನುಭವ ಸುಮ್ಮನಿರಬೇಕಲ್ಲ!

“ಅಯ್ಯೋ, ಅದು ಲಿಫ್ಟಿನ ಅಲಾರಂ ಬಟನ್ ಕಣ್ರೋ! ಹಳೇ ಮಾಡೆಲ್ಲು. ಅದನ್ನ ಒತ್ತಿದ್ರೆ ಬೆಳಕೂ ಇಲ್ಲ, ಗಿಳಕೂ ಇಲ್ಲ. ಕೆಳಗಡೆ ಗಂಟೆ ಹೊಡೆಯುತ್ತೆ, ಅಷ್ಟೇ.”

“ಅಪ್ಪಾ, ಶ್!”

“ಅಲ್ಲಮ್ಮ, ನೋಡು. ಪಕ್ಕದ್ದು ಫ್ಯಾನಿನ ಸ್ವಿಚ್ಚು. ಅವಳ ತಲೆ ಹಿಂದೆ ತಗಡು ಕಾಣ್ತಿದೆಯಲ್ಲ, ಅದನ್ನ ಓದು.”

ಪ್ರೊಫೆಸರ್ ಕನ್ನಡಕ ಸರಿಮಾಡಿಕೊಂಡು ಓದಿದ. “ಎಂಟು ಜನ, ಐನೂರ ನಲವತ್ತನಾಲ್ಕು ಕೆ.ಜಿ.”

ಅವಳಿಗಳಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಇನ್ನೊಬ್ಬಳು ಬಿಡುತ್ತಾಳೆಯೇ? ಅಲ್ಲಿ ಕ್ಯಾಪ್ಟನ್ ಕಣ್ಣೀರಿಡುತ್ತಿದ್ದರೆ ಇಲ್ಲಿ ಇವಳು, “ಗ್ರೌಂಡ್ ಫ್ಲೋರ್ ಬಂತು, ಇಳೀರಿ ಇಳೀರಿ” ಎಂದಳು. ಮೂವರೂ ಚಾಪೆಯ ಮೇಲೆ ಹೊರಳಾಡಿದರು. ನನ್ನ ಮಗಳು ನಗಲಿಲ್ಲ. ಎದ್ದು ಹೋಗಿ ಟಿವಿ ಆರಿಸಿದಳು.

“ಇಷ್ಟು ದಿನ ನಾವು ನೋಡಿದ್ದು ಬರೀ ಲಿಫ್ಟಾ?”

ಆ ‘ಬರೀ’ ಇದೆಯಲ್ಲ, ಅದು ನನ್ನ ಎದೆಗೇ ನಾಟಿತು. ಅವಳ ಬೂಟು, ಪುಸ್ತಕ, ಆ ಟಿವಿ, ಎಲ್ಲ ಬಂದದ್ದು ಆ ಬರೀ ಲಿಫ್ಟಿನಿಂದಲೇ.

ಮರುದಿನ ಐದೂವರೆಗೆ ನಾಲ್ವರೂ ಹಾಜರು. ಆದರೆ ಟಿವಿ ಹಾಕುವವರಿಲ್ಲ. ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಓಟವೋ ಓಟ. ಕೆದರಿದ ಕೂದಲಲ್ಲಿ ಹೆಂಡತಿ ಹೊರಗೆ ಬಂದಳು.

“ಏನ್ರೀ ಇದು ಗಲಾಟೆ? ಇವತ್ತು ಸೀರಿಯಲ್ ಇಲ್ವಾ?”

“ಇದೆ ಆಂಟಿ,” ಎಂದ ಪ್ರೊಫೆಸರ್. “ಆದ್ರೆ ಅದು ಬರೀ ಲಿಫ್ಟಂತೆ. ಅಂಕಲ್ ಹೇಳಿದ್ರು.”

ನೂರನಾಲ್ಕು ಡಿಗ್ರಿ ತೋರಿಸುವ ಥರ್ಮಾಮೀಟರನ್ನು ನೋಡುವಂತೆ ಅವಳು ನನ್ನನ್ನು ನೋಡಿದಳು.

“ನಿಮ್ಮನ್ನ ಯಾರು ಕೇಳಿದ್ರು?”

“ನಿಜ ಅಲ್ವೇನೇ?”

“ನಾನು ಮಕ್ಕಳಿಗೆ ಇಂಜೆಕ್ಷನ್ ಕೊಡೋವಾಗ ‘ನೋವಾಗಲ್ಲ ಕಂದಾ’ ಅಂತೀನಿ. ನೀವು ಅಲ್ಲಿದ್ದಿದ್ರೆ ಸೂಜಿ ಎಷ್ಟುದ್ದ ಅಂತ ಅಳತೆ ಹೇಳ್ತಿದ್ರಿ! ಏನು ಮಾಡ್ತೀರೋ ನಂಗೊತ್ತಿಲ್ಲ. ಈ ವಾರ ಮುಗಿಯೋದ್ರೊಳಗೆ ನನ್ನ ನಿದ್ದೆ ನಂಗೆ ವಾಪಸ್ ಬೇಕು.”

ಗುರುವಾರ ನಾನೊಬ್ಬನೇ ಟಿವಿ ಮುಂದೆ ಕೂತು, “ಅಬ್ಬಬ್ಬಾ, ಏನು ನೌಕೆ! ಏನು ವೇಗ!” ಎಂದು ಕೂಗಿ ನೋಡಿದೆ. ಮೂಲೆಯಲ್ಲಿ ಲೆಕ್ಕ ಮಾಡುತ್ತಿದ್ದ ಮಗಳು ತಲೆಯನ್ನೂ ಎತ್ತದೆ, “ಸುಮ್ನಿರಪ್ಪ, ನಿಂಗೆ ಸುಳ್ಳು ಹೇಳೋಕೆ ಬರಲ್ಲ” ಎಂದಳು.

ಆಗ ಹೊಳೆಯಿತು ಉಪಾಯ. ನೌಕೆ ಲಿಫ್ಟಾಗಿ ಕೆಳಗಿಳಿದಿದ್ದರೇನಂತೆ, ಲಿಫ್ಟನ್ನೇ ನೌಕೆಯ ಮಟ್ಟಕ್ಕೆ ಏರಿಸಿದರಾಯಿತು! ಭಾನುವಾರ ನಾಲ್ವರನ್ನೂ ಹೊರಡಿಸಿಕೊಂಡು ನಾನು ನೋಡಿಕೊಳ್ಳುವ ಹನ್ನೆರಡು ಮಹಡಿಯ ಆಫೀಸು ಕಟ್ಟಡಕ್ಕೆ ಹೋದೆ. ಕಟ್ಟಡಕ್ಕೆ ರಜೆ. ಕಾವಲುಗಾರನ ಕುರ್ಚಿ ಖಾಲಿ. ಬೀಗದ ಕೈ ನನ್ನ ಹತ್ತಿರವೂ ಇತ್ತು. ಸೀದಾ ಮೇಲಿನ ಮೆಷಿನ್ ರೂಮಿಗೆ ಕರೆದೊಯ್ದೆ. ಮೋಟಾರು, ಬ್ರೇಕು, ಬೆರಳು ಗಾತ್ರದ ಉಕ್ಕಿನ ಹಗ್ಗಗಳು, ಎಲ್ಲವನ್ನೂ ತೋರಿಸಿದೆ.

“ಹಗ್ಗ ತುಂಡಾದ್ರೆ?” ಪ್ರೊಫೆಸರ್ ಕೇಳಿದ.

“ಆಗಲ್ಲ.”

“ಆದ್ರೆ?”

“ಆಗ ಹಿಡ್ಕೊಳ್ಳೋಕೆ ಬೇರೆ ಏರ್ಪಾಡಿದೆ.”

ಮಗಳು ದೊಡ್ಡ ಚಕ್ರವನ್ನೇ ನೋಡುತ್ತಿದ್ದಳು. “ಅಪ್ಪ, ಇದನ್ನೆಲ್ಲ ನೀನೊಬ್ಬನೇ ರಿಪೇರಿ ಮಾಡ್ತೀಯಾ?”

ನಾನು ಅರ್ಧ ಅಡಿ ಬೆಳೆದೆ. ಲಿಫ್ಟಿನಲ್ಲಿ ಇಳಿಯುತ್ತಾ, “ನಾನು ನೋಡಿಕೊಳ್ಳೋ ಲಿಫ್ಟು ಕೆಟ್ಟು ನಿಂತಿದ್ದೇ ಇಲ್ಲ” ಎಂದು ಹೇಳಿ ಬಾಯಿ ಮುಚ್ಚಿರಲಿಲ್ಲ, ಏಳನೇ ಮಹಡಿಗೂ ಆರನೆಯದಕ್ಕೂ ನಡುವೆ ಲಿಫ್ಟು ನಿಂತಿತು. ಮೂಲೆಯ ಚಿಕ್ಕ ದೀಪವೊಂದನ್ನು ಬಿಟ್ಟು ಎಲ್ಲ ಕತ್ತಲೆ.

ಆದದ್ದು ಇಷ್ಟು. ಟೀ ಕುಡಿದು ಬಂದ ಕಾವಲುಗಾರ ಪ್ರತಿ ಭಾನುವಾರದಂತೆ ಮೇನ್ ಸ್ವಿಚ್ ಆರಿಸಿದ್ದ. ಒಳಗೆ ಹೋಗುವ ಮುಂಚೆ ಆ ಸ್ವಿಚ್ಚಿಗೆ ‘ಕೆಲಸ ನಡೆಯುತ್ತಿದೆ, ಮುಟ್ಟಬೇಡಿ’ ಎಂಬ ಬೋರ್ಡು ತಗುಲಿಹಾಕಬೇಕು. ನಮ್ಮ ಕಸುಬಿನ ಮೊದಲ ಪಾಠವೇ ಅದು. ಬೋರ್ಡು ನನ್ನ ಚೀಲದಲ್ಲಿ ಭದ್ರವಾಗಿತ್ತು.

ಅಲಾರಂ ಬಟನ್ ಒತ್ತಿದೆ. ಗಂಟೆಯೂ ಇಲ್ಲ, ಗಿಂಟೆಯೂ ಇಲ್ಲ. ಅದರ ಬ್ಯಾಟರಿ ಸತ್ತಿತ್ತು. (ಹೋದ ತಿಂಗಳು ತಪಾಸಣೆಯ ಪುಸ್ತಕದಲ್ಲಿ ಅದರ ಮುಂದೆ ‘ಸರಿಯಿದೆ’ ಎಂದು ಬರೆದು ಸಹಿ ಹಾಕಿದ ಮಹಾನುಭಾವ ಯಾರೆಂದು ಕೇಳಬೇಡಿ.) ಮೊಬೈಲಿಗೆ ಸಿಗ್ನಲ್ ಇಲ್ಲ. ಮಕ್ಕಳಿಗೆ ಧೈರ್ಯ ಹೇಳೋಣವೆಂದು ಬಾಯಿ ತೆರೆದರೆ ಹೊರಟದ್ದು ಮೇಕೆಯ ದನಿ.

“ಎಲ್ರೂ ಕೆಳಗೆ ಕೂತ್ಕೊಳ್ಳಿ,” ಎಂದಳು ಮಗಳು. ಅವಳ ದನಿ ನಡುಗುತ್ತಿತ್ತು, ಆದರೂ ಹೇಳಿದಳು. “ನೌಕೆ ಕೆಟ್ಟಾಗ ಕ್ಯಾಪ್ಟನ್ ಏನು ಮಾಡಿದ್ಲು?”

“ಮೊದಲು ಎಣಿಕೆ,” ಪ್ರೊಫೆಸರ್ ಹೇಳಿದ. “ಐದು ಜನ. ಆಮೇಲೆ ಸಂಕೇತ. ಮೂರು ಸಲ ಬಡಿಯೋದು, ನಿಲ್ಸೋದು, ಮತ್ತೆ ಮೂರು.”

ನನ್ನ ಚೀಲದಿಂದ ಸ್ಪ್ಯಾನರ್ ತೆಗೆದು ಸರದಿಯಂತೆ ಬಾಗಿಲಿಗೆ ಬಡಿಯತೊಡಗಿದರು.

“ಮೆಲ್ಲಗೆ, ಗೀರು ಬೀಳುತ್ತೆ...”

“ಅಪ್ಪ, ನೀನು ಮಾತಾಡ್ಬೇಡ. ಗಾಳಿ ಖರ್ಚಾಗುತ್ತೆ.”

ಲಿಫ್ಟಿನಲ್ಲಿ ಗಾಳಿಗೆ ಕಿಂಡಿಗಳಿರುತ್ತವೆ. ಎಷ್ಟು ಜನ ಎಷ್ಟು ಹೊತ್ತು ಕೂತರೂ ಗಾಳಿ ಮುಗಿಯುವುದಿಲ್ಲ. ಇದನ್ನು ನಾನು ಹೇಳಲಿಲ್ಲ. ಅಷ್ಟು ಬುದ್ಧಿ ಬಂದಿತ್ತು.

ಇಪ್ಪತ್ತು ನಿಮಿಷದ ಮೇಲೆ ದೀಪ ಹತ್ತಿತು. ಲಿಫ್ಟು ಇಳಿಯಿತು. ಬಾಗಿಲು ತೆರೆದರೆ ಎದುರಿಗೆ ಕಾವಲುಗಾರ.

“ಅರೆ, ಒಳಗಿದ್ದಿದ್ದು ನೀವಾ? ಬಡಿಯೋ ಸದ್ದು ಕೇಳಿ ಲಿಫ್ಟಿನ ಪಕ್ಕದ ಗೋಡೆ ಮೇಲೆ ಬರೆದಿದ್ದ ನಿಮ್ಮ ನಂಬರಿಗೆ ಫೋನ್ ಮಾಡ್ದೆ, ಸಿಗಲಿಲ್ಲ. ಕೆಳಗೆ ಮನೆ ನಂಬರಿತ್ತು. ಮೇಡಂ ಎತ್ತಿದ್ರು. ‘ಲಿಫ್ಟ್ ನಿಲ್ಲೋಕೆ ಮುಂಚೆ ನೀವೇನು ಮಾಡಿದ್ರಿ?’ ಅಂದ್ರು. ಮೇನ್ ಸ್ವಿಚ್ ಆಫ್ ಮಾಡ್ದೆ ಅಂದೆ. ‘ಹಾಗಾದ್ರೆ ಆನ್ ಮಾಡಿ’ ಅಂತ ಇಟ್ಟುಬಿಟ್ರು. ಏನು ತಲೆ ಸಾರ್ ಮೇಡಮ್ಮಂದು!”

ತಪಾಸಣೆಯ ಪುಸ್ತಕದಲ್ಲಿ ಆಗಲೇ ಬರೆದೂ ಇದ್ದ. ‘ಲಿಫ್ಟು ನಿಂತಿತ್ತು. ಮೇಡಂ ಫೋನಿನಲ್ಲೇ ಸರಿ ಮಾಡಿದರು. ಎರಡು ನಿಮಿಷ.’ ಮೇಡಂ, ಒಳಗೆ ಯಾರಿದ್ದಾರೆಂದು ಕೇಳುವ ಗೋಜಿಗೂ ಹೋಗದೆ ಮತ್ತೆ ಮಲಗಿದ್ದಳು.

ಸೋಮವಾರ ಐದೂವರೆಗೆ ನಾಲ್ವರೂ ಚಾಪೆಯ ಮೇಲಿದ್ದರು. ಕ್ಯಾಪ್ಟನ್ನಳ ತಲೆಯ ಹಿಂದೆ ಅದೇ ತಗಡು. ಯಾರೂ ನಗಲಿಲ್ಲ. “ಲಿಫ್ಟಾದ್ರೇನು, ಒಳಗೆ ಸಿಕ್ಕಿಹಾಕ್ಕೊಂಡ್ರೆ ಗೊತ್ತಾಗುತ್ತೆ” ಎಂದು ಪ್ರೊಫೆಸರ್ ಪಿಸುಗುಟ್ಟಿದ. ಹೆಂಡತಿ ಒಳಗೆ ನಿಶ್ಚಿಂತೆಯಿಂದ ನಿದ್ರಿಸುತ್ತಿದ್ದಳು. ನನ್ನನ್ನು ಮಕ್ಕಳು ಅಡುಗೆಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂರಿಸಿದ್ದರು. ಅಲ್ಲಿಂದ ಮುಕ್ಕಾಲು ಪರದೆ ಕಾಣುತ್ತದೆ, ಸಾಕು.

ಆಗ ಫೋನು ಬಡಿದುಕೊಂಡಿತು. ಮಗಳೇ ಓಡಿಹೋಗಿ ಎತ್ತಿದಳು. ಅದೇ ಕಾವಲುಗಾರ.

“ಅಮ್ಮ ಮಲಗಿದ್ದಾರೆ ಅಂಕಲ್, ಆರು ಗಂಟೆ ಮೇಲೆ ಮಾಡಿ... ಮತ್ತೆ ನಿಂತೋಯ್ತಾ? ಅಪ್ಪನಾ? ಇಲ್ಲೇ ಇದ್ದಾರೆ.”

ನಾನು ಸ್ಟೂಲಿನಿಂದ ಎದ್ದು ಚೀಲಕ್ಕೆ ಕೈ ಹಾಕಿದೆ. ಅವಳು ನನ್ನ ಕಡೆ ಒಮ್ಮೆ ತಿರುಗಿ ನೋಡಿ, ಒಂದು ಕ್ಷಣ ಯೋಚಿಸಿ, ದನಿ ತಗ್ಗಿಸಿದಳು.

“ಒಳಗೆ ಜನ ಇದ್ದಾರೆ ಅಂತೀರಲ್ಲ ಅಂಕಲ್. ಒಂದು ನಿಮಿಷ ಇರಿ, ಅಮ್ಮನ್ನೇ ಎಬ್ಬಿಸ್ತೀನಿ.”