ಕೌದಿಯ ಮೇಲೆ ಎದ್ದು ನಿಂತ ಡಬ್ಬಿಗಳು

ವಿಜ್ಞಾನದ ಪುಸ್ತಕ ಓದುವ ಗಂಡಸಿಗೆ ಅವನ ಸ್ವಂತ ಮನೆಯಲ್ಲಿ ಸಲ್ಲುವ ಗೌರವದ ಕುರಿತು ಇದುವರೆಗೆ ಯಾರೂ ಒಂದು ಗ್ರಂಥ ಬರೆದಂತಿಲ್ಲ. ಬರೆಯುವ ಅರ್ಹತೆ ನನಗಿದೆ. ಆದರೆ ಬರೆದರೆ ನನ್ನ ಹೆಂಡತಿ ಬಸ್ಸಮ್ಮ ಅದರ ಹಾಳೆಗಳಲ್ಲಿ ಮೆಣಸಿನಪುಡಿ ಕಟ್ಟಿಡುತ್ತಾಳೆ. (ಗ್ರಹಣಗಳ ಕುರಿತ ಒಂದು ಪುಸ್ತಕಕ್ಕೆ ಈ ಗತಿ ಆಗಿದೆ. ಚಂದ್ರಗ್ರಹಣದ ಅಧ್ಯಾಯವನ್ನು ಇಂದಿಗೂ ಸೀನದೆ ಓದಲಾಗದು.)

ನಾನು ಸಿದ್ದರಾಮಪ್ಪ. ಮಾನ್ವಿಯಲ್ಲಿ ಕಾಲುವೆಯ ಕಚೇರಿಯೊಂದರ ನಕ್ಷೆಗಾರ. ವಯಸ್ಸು ನಲವತ್ತೈದರ ಆಸುಪಾಸು. ಕಣ್ಣಿಗೆ ಕಂಡದ್ದನ್ನೆಲ್ಲ ನಂಬಬಾರದು ಎಂಬುದು ನನ್ನ ಜೀವನದ ಮೂಲ ಸಿದ್ಧಾಂತ. ಈ ಸಿದ್ಧಾಂತವನ್ನು ನಾನು ಕಚೇರಿಯಲ್ಲಿ, ಬಸ್ಸಿನಲ್ಲಿ, ಸಂತೆಯ ಬದನೆಕಾಯಿಯ ಮುಂದೆ ಪ್ರತಿಪಾದಿಸಿದ್ದೇನೆ. ಅದು ನನ್ನನ್ನೇ ಬೀಗರ ಮುಂದೆ ಬೋರಲು ಕೆಡವೀತೆಂದು ಮಾತ್ರ ಎಣಿಸಿರಲಿಲ್ಲ.

ಎಂಬತ್ತರ ದಶಕ ಆಗಷ್ಟೇ ಕಾಲಿಟ್ಟಿತ್ತು. ಮಗಳು ಹುಲಿಗೆಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಗಂಡುಕೂಸು ಹಡೆದಿದ್ದಳು. ಬಾಣಂತನ ಮುಗಿದ ಮೇಲೆ ಕೂಸನ್ನು ಕರೆದೊಯ್ಯಲು ದೇವದುರ್ಗದಿಂದ ಅವಳ ಅತ್ತೆ ಬಂಡೆಮ್ಮನವರು ಬರುವುದಿತ್ತು. ಕೂಸನ್ನು ಕಳಿಸುವಾಗ ಜೊತೆಗೆ ಒಂದು ಕೌದಿ ಕಳಿಸುವುದು ನಮ್ಮೆರಡೂ ಮನೆಗಳ ಪದ್ಧತಿ. ಅದಕ್ಕೆ ಹೊಸ ಬಟ್ಟೆ ಕೂಡದು. ಎರಡೂ ಕಡೆಯ ಹೆಂಗಸರು ತಾವು ಉಟ್ಟು ಮೆತ್ತಗಾದ ಒಂದೊಂದು ಸೀರೆ ಕೊಡಬೇಕು. ಅತ್ಯಂತ ಹಿರಿಯಳ ಸೀರೆ ಕೌದಿಯ ನಟ್ಟನಡುವೆ, ಅಂದರೆ ಹೊಟ್ಟೆಯಲ್ಲಿ ಬರಬೇಕು. ಕೂಸು ಅದರ ಮೇಲೆ ಮಲಗಬೇಕು. ಬಂಡೆಮ್ಮನವರು ತಮ್ಮ ಕಡೆಯ ಹೆಂಗಸರ ಸೀರೆಗಳ ಜೊತೆಗೆ ತೀರಿಹೋದ ತಮ್ಮ ತಾಯಿಯ ಚಂದ್ರಕಾಳಿ ಸೀರೆಯನ್ನು ಮಗ, ಅಂದರೆ ನನ್ನ ಅಳಿಯ ಕನಕರಾಯನ ಕೈಯಲ್ಲಿ ಕಳಿಸಿದ್ದರು. ಕಪ್ಪು ಒಡಲು, ಕೆಂಪು ಸೆರಗು. ಜೊತೆಗೆ ಒಂದು ಮಾತು: "ಕೂಸು ನಮ್ಮವ್ವನ ಮಡಿಲಾಗ ಮಲಗಿದಂಗ ಆಗಬೇಕು."

ಇಷ್ಟರಲ್ಲಿ ನಾನು ರಾಯಚೂರಿಗೆ ಹೋಗಿ ಬಂದೆ. ಎಲ್ಲ ಅನರ್ಥಕ್ಕೂ ಕಾರಣ ರಾಯಚೂರು ಸ್ಟೇಷನ್ನಿನ ಹೊರಗೆ ಹಳೆಯ ಪುಸ್ತಕ ಹರಡಿಕೊಂಡು ಕೂರುವ ಮನುಷ್ಯ. ಅವನಲ್ಲಿ ದೃಷ್ಟಿಯ ವಿಜ್ಞಾನ ಕುರಿತ, ರಟ್ಟು ಕಿತ್ತುಹೋದ ಪುಸ್ತಕವೊಂದು ಸಿಕ್ಕಿತು. ಅದರಲ್ಲೊಂದು ಚಿತ್ರ. ಮೂರು ವಜ್ರಾಕೃತಿಗಳು ಒಂದು ಬಿಂದುವಿನಲ್ಲಿ ಕೂಡಿವೆ; ಒಂದು ತಿಳಿ, ಒಂದು ನಡುವಣದು, ಒಂದು ಗಾಢ. ನೋಡುತ್ತಿದ್ದಂತೆ ಹಾಳೆಯಿಂದ ಒಂದು ಡಬ್ಬಿ ಎದ್ದು ನಿಂತಿತು. ಇನ್ನಷ್ಟು ನೋಡಿದರೆ ಅದೇ ಡಬ್ಬಿ ಒಳಗೆ ಕುಸಿದು ತಗ್ಗಾಯಿತು. ಬಣ್ಣ ಯಾವುದೆಂಬುದು ಮುಖ್ಯವಲ್ಲ, ಎಷ್ಟು ಗಾಢವೆಂಬುದೇ ಮುಖ್ಯ. ಉಬ್ಬು ತಗ್ಗುಗಳನ್ನು ಕಣ್ಣು ತಾನೇ ಸೃಷ್ಟಿಸಿಕೊಳ್ಳುತ್ತದೆ ಎಂದು ಕೆಳಗೆ ಬರೆದಿತ್ತು. ಮಾನ್ವಿ ಬಸ್ಸಿನಲ್ಲಿ ಇಡೀ ದಾರಿ ಆ ಪುಟವನ್ನೇ ನೋಡುತ್ತ ಬಂದೆ. ಇಳಿಯುವ ಹೊತ್ತಿಗೆ ನನ್ನ ಮೊಮ್ಮಗನ ಕೌದಿ ಸಿದ್ಧವಾಗಿತ್ತು, ತಲೆಯಲ್ಲಿ.

"ಡಬ್ಬಿ?" ಎಂದಳು ಬಸ್ಸಮ್ಮ.

"ಹೌದು, ಡಬ್ಬಿ. ಚಪ್ಪಟೆ ಬಟ್ಟೆಯ ಮೇಲೆ ಸಾಲು ಸಾಲು ಡಬ್ಬಿ ಎದ್ದು ಕಾಣುತ್ತವೆ."

"ಕೂಸು ಮಲಗೋ ಕೌದಿ ಮ್ಯಾಲ ಡಬ್ಬಿ ಯಾಕ ಬೇಕ್ರೀ? ಕಿರಾಣಿ ಅಂಗಡಿ ಇಡ್ತದೇನು?"

"ನಿಜವಾದ ಡಬ್ಬಿ ಅಲ್ಲ. ಇರೋದಿಲ್ಲ, ಕಾಣ್ತದ."

"ಇರಲಾರದ್ದು ಕಾಣಾಕತ್ತಿದ್ರ ಡಾಕ್ಟರ್ ಹಂತ್ಯಾಕ ಹೋಗ್ತಾರ. ನೀವು ಕೌದಿ ಹಂತ್ಯಾಕ ಬಂದೀರಿ."

ಮಗಳು ಕೂಸಿಗೆ ಹಾಲೂಡಿಸುತ್ತ, "ಯಪ್ಪಾ, ನಮ್ಮತ್ತಿ ಹೇಳಿದಂಗ ಒಂದು ಹೊಲೀಲಿ ಬಿಡು, ನಾ ಅಲ್ಲಿ ಬಾಳ್ವಿ ಮಾಡಬೇಕು" ಎಂದಳು. ಆ ಮಾತನ್ನು ಅಂದೇ ಕೇಳಿದ್ದರೆ ಈ ಬರಹ ಇರುತ್ತಿರಲಿಲ್ಲ. ಆದರೆ ನಾನು ಸೆಟ್‌ಸ್ಕ್ವೇರ್ ಹಿಡಿದವನು. ಕಾಲುವೆಗಳನ್ನೇ ಬಾಗಿಸಿದ ಕೈಗೆ ಸೀರೆ ಯಾವ ಲೆಕ್ಕ? ಕತ್ತರಿಸುವುದು ನಾನು, ಹೊಲಿಯುವುದು ಅವಳು ಎಂದು ಒಪ್ಪಂದವಾಯಿತು. (ಒಪ್ಪಂದ ಎಂದರೆ, ನಾನು ಹೇಳಿದೆ, ಅವಳು ಒಲೆಗೆ ಕಟ್ಟಿಗೆಯನ್ನು ಜೋರಾಗಿ ತುರುಕಿದಳು.)

ಪುಸ್ತಕದ ಪ್ರಕಾರ ಬಣ್ಣದ ಮೋಹದಿಂದ ಪಾರಾಗಿ ಗಾಢತೆಯನ್ನಷ್ಟೇ ಅಳೆಯಲು ಕಣ್ಣನ್ನು ಅರೆ ಮುಚ್ಚಿ ನೋಡಬೇಕು. ಆಗ ಹೂವು, ಬಳ್ಳಿ, ಚುಕ್ಕಿಗಳೆಲ್ಲ ಕರಗಿ ಬರಿಯ ಬೆಳಕು ನೆರಳು ಉಳಿಯುತ್ತವೆ. ಮನೆಯ ಸೀರೆಗಳನ್ನೆಲ್ಲ ಹಾಗೆ ನೋಡಿದೆ. ತಿಳಿ ಬಣ್ಣದವು ಸಾಕಷ್ಟಿದ್ದವು, ನಡುವಣವೂ ಇದ್ದವು, ಗಾಢವಾದದ್ದು ಮಾತ್ರ, ನಡುವಿಗೆಂದು ಎತ್ತಿಟ್ಟ ಚಂದ್ರಕಾಳಿ ಬಿಟ್ಟರೆ, ಇರಲಿಲ್ಲ. ಹೊರಗೆ ಬಂದೆ. ಪಕ್ಕದ ಮನೆಯ ಪೀರಾ ಸಾಬ್ ಅವರ ಅಂಗಳದ ತಂತಿಯ ಮೇಲೆ ಒಂದು ನೀಲಿ ಸೀರೆ ಒಣಗುತ್ತಿತ್ತು. ಪೀರಾ ಸಾಬರ ಹೆಂಡತಿ ಖತೀಜಾ ಬೀ ಕೌದಿ ಹೊಲಿಯುವುದರಲ್ಲಿ ಬಸ್ಸಮ್ಮನ ಜೊತೆಗಾತಿ. ಕೇಳಿದರೆ ಕೊಡದೆ ಇರುವವರಲ್ಲ. ಕೇಳುವ ಮೊದಲು ಪರೀಕ್ಷಿಸೋಣವೆಂದು ಗೋಡೆಗೆ ಒರಗಿ, ಒಂದು ಕಣ್ಣು ಪೂರ್ತಿ ಮುಚ್ಚಿ, ಇನ್ನೊಂದನ್ನು ಕಿರಿದು ಮಾಡಿ, ತಲೆಯನ್ನು ತುಸು ಓರೆ ಮಾಡಿದೆ. ಸಾಲದೆಂದು ಕಣ್ಣು ಬದಲಿಸಿದೆ. ಮತ್ತೆ ಬದಲಿಸಿದೆ.

ಸೀರೆ ಸರಿಯಿತು. ಅದರ ಹಿಂದೆ ಖತೀಜಾ ಬೀ ಬಕೆಟ್ಟು ಹಿಡಿದು ನಿಂತಿದ್ದರು.

ನಾನು ಕಣ್ಣು ತೆರೆಯಬೇಕಿತ್ತು. ಗಾಬರಿಯಲ್ಲಿ ಇನ್ನೂ ಎರಡು ಸಲ ಮಿಟುಕಿಸಿದೆ.

ಸ್ವಲ್ಪ ಹೊತ್ತಿಗೆ ಪೀರಾ ಸಾಬ್ ನಮ್ಮ ಬಾಗಿಲಿಗೆ ಬಂದರು. ಸಂಭಾವಿತ ಮನುಷ್ಯ, ಬಯ್ಯಲಿಲ್ಲ. ಒಂದು ಸಣ್ಣ ಡಬ್ಬಿಯಲ್ಲಿ ಸುರ್ಮಾ ತಂದಿದ್ದರು.

"ಸಿದ್ದರಾಮಪ್ಪನವರ, ಕಣ್ಣು ಹಾರಾಕತ್ತದಂತಲ್ರೀ ನಿಮ್ದು. ನಮ್ಮಾಕಿ ಹೇಳಿದ್ಳು. ಇದನ್ನ ಹಚ್ಚಿಕೋರಿ. ಹಚ್ಚಿಕೊಂಡು ನಿಮ್ಮ ಮನ್ಯಾಗ ಕುಂದರ್ರಿ."

"ಪೀರಾ ಸಾಬ್, ನಾನು ನೋಡಿದ್ದು ಸೀರೆಯ ಗಾಢತೆಯನ್ನ."

"ಅದನ್ನೂ ಹೇಳಿದ್ಳು, ಭಾಳ ಗಾಢವಾಗಿ ನೋಡ್ಯಾರ ಅಂತ."

ಬಸ್ಸಮ್ಮ ಒಳಗಿನಿಂದ ಎಲ್ಲ ಕೇಳಿದಳು. ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲು ಕಣ್ಣು ಕಿರಿದು ಮಾಡಿ ನೋಡುವ ಧೈರ್ಯ ನನಗಿರಲಿಲ್ಲ. ಮರುದಿನ ಅವಳೇ ಹೋಗಿ ವಿಷಯ ತಿಳಿಸಿ, ಖತೀಜಾ ಬೀ ಅವರಿಂದ ಒಂದು ಸೀರೆ ತಂದಳು. ನೀಲಿಯದಲ್ಲ. ಅತ್ಯಂತ ತಿಳಿ ಬಣ್ಣದ್ದು.

ಹೀಗಾಗಿ ಗಾಢ ಬಣ್ಣಕ್ಕೆ ಇಡೀ ಮನೆಯಲ್ಲಿ ಉಳಿದದ್ದು ಒಂದೇ: ಬಂಡೆಮ್ಮನವರ ತಾಯಿಯ ಚಂದ್ರಕಾಳಿ. ಎಷ್ಟು ಒಗೆದರೂ ಇದ್ದಿಲಿನಂತೆ ಕಪ್ಪಗಿತ್ತು. ಅದಿಲ್ಲದೆ ಡಬ್ಬಿಗೆ ನೆರಳಿಲ್ಲ, ನೆರಳಿಲ್ಲದೆ ಡಬ್ಬಿಯೇ ಇಲ್ಲ. ಹೇಗೂ ಅದು ಕೌದಿಗೆಂದೇ ಬಂದ ಸೀರೆ. ನಡುವೆ ಒಂದೇ ಕಡೆ ಇದ್ದರೇನು, ಎಲ್ಲ ಕಡೆ ಹಂಚಿದ್ದರೇನು, ಬಟ್ಟೆಯ ಒಟ್ಟು ವಿಸ್ತೀರ್ಣ ಅಷ್ಟೇ ಅಲ್ಲವೇ ಎಂದು ತರ್ಕಿಸಿದೆ. ತರ್ಕ ನಿರ್ದೋಷವಾಗಿತ್ತು. ಆದರೂ ಬಸ್ಸಮ್ಮ ಸಂತೆಗೆ ಹೋಗಲೆಂದು ಕಾದದ್ದು ಯಾಕೆಂದು ನೀವು ಕೇಳಬಾರದು. ಅವಳು ಸೊಪ್ಪು ಹಿಡಿದು ಬರುವ ಹೊತ್ತಿಗೆ ಕಪ್ಪು ಒಡಲು ವಜ್ರ ವಜ್ರವಾಗಿ ನೆಲದ ಮೇಲೆ ಹರಡಿತ್ತು. ಕೆಂಪು ಸೆರಗು ನನ್ನ ಲೆಕ್ಕಕ್ಕೆ ಬಾರದ ಬಣ್ಣವಾದ್ದರಿಂದ ಮೂಲೆಗೆ ಎಸೆದಿದ್ದೆ.

ಬಸ್ಸಮ್ಮ ಸೊಪ್ಪು ಕೆಳಗಿಟ್ಟಳು. ಬಯ್ಯುವಳೆಂದು ಕಾದೆ. ಬಯ್ಯಲಿಲ್ಲ. ಒಂದು ತುಂಡು ಎತ್ತಿ ಅಂಗೈ ಮೇಲೆ ಇಟ್ಟುಕೊಂಡು, "ಆಕಿ ಏನ ಕಳಿಸ್ಯಾಳ ಅನ್ನೋದು ನಿಮಗ ಗೊತ್ತಿತ್ತಿಲ್ಲೋ" ಎಂದು ಕೇಳಿದಳು. ನಾನು ಕತ್ತರಿಯನ್ನು ಸೆಟ್‌ಸ್ಕ್ವೇರಿನ ಕೆಳಗೆ ಸರಿಸಿದೆ. ಆಮೇಲೆ ಅವಳು ಮೂಲೆಯ ಸೆರಗನ್ನು ಕೊಡವಿ, ಮಡಚಿ, ಒಳಗೆ ಒಯ್ದಳು. ಅಂದಿನಿಂದ ಕೌದಿ ಮುಗಿಯುವತನಕ ನನ್ನೊಡನೆ ಅವಳ ಮಾತುಕತೆ ಉಪ್ಪು, ಸೀಮೆಎಣ್ಣೆ ಇತ್ಯಾದಿ ನಾಮಪದಗಳಿಗೆ ಸೀಮಿತವಾಯಿತು. ಆದರೂ ಹೊಲಿದಳು. ಬೇರೆ ದಾರಿಯಿರಲಿಲ್ಲ, ಬೀಗರು ಬರುವ ದಿನ ಗೊತ್ತಾಗಿತ್ತು. ಅವಳೂ ಖತೀಜಾ ಬೀ ಅವರೂ ನಾನು ಜೋಡಿಸಿಟ್ಟಂತೆಯೇ ಹೊಲಿದರು. ನಾನು ಎದುರಿಗೆ ಕುಳಿತು ಕಣ್ಣು ಕಿರಿದು ಮಾಡಿ ಮೇಲ್ವಿಚಾರಣೆ ನಡೆಸಿದೆ. (ಗೋಡೆಯ ಕಡೆ ಮುಖ ಮಾಡಿ ಕುಳಿತುಕೊಳ್ಳಬೇಕೆಂದು ಖತೀಜಾ ಬೀ ಸೂಚಿಸಿದ ಮೇಲೆ, ಕನ್ನಡಿಯಲ್ಲಿ.)

ದಿನ ಕಳೆದಂತೆ ಡಬ್ಬಿಗಳು ಎದ್ದವು. ಏನು ಹೇಳಲಿ! ಸಾಲು ಸಾಲು, ಮೆಟ್ಟಿಲು ಮೆಟ್ಟಿಲು. ಒಮ್ಮೆ ಉಬ್ಬು, ಮರುಕ್ಷಣ ತಗ್ಗು. ಊಟ ಮಾಡುವಾಗ ತಾಟಿನಲ್ಲೂ ಕಾಣುತ್ತಿದ್ದವು.

ಬಂಡೆಮ್ಮನವರು ಕನಕರಾಯನ ಜೊತೆ ಬೆಳಗಿನ ಬಸ್ಸಿಗೆ ಬಂದಿಳಿದರು. ಎತ್ತರದ ಹೆಂಗಸು, ಮಾತು ಕಡಿಮೆ. ಕಿಟಕಿಯ ಬೆಳಕು ಎಡದಿಂದ ಬೀಳುವಂತೆ ನಾನು ಮೊದಲೇ ಕೌದಿಯನ್ನು ಪಡಸಾಲೆಯಲ್ಲಿ ಹಾಸಿದ್ದೆ. ಅವರನ್ನು ಸರಿಯಾದ ದೂರದಲ್ಲಿ ಕೂರಿಸಿದೆ. ಬಸ್ಸಮ್ಮ ಚಹಾ ತಂದು ಕೊಟ್ಟಳು. ನಾನು ಲೋಟ ಹಿಡಿದು ಕಾದೆ.

"ಹೆಂಗ ಕಾಣ್ತದ್ರೀ?" ಎಂದೆ.

"ಚಲೋ ಅದ. ಹೊಲಿಗಿ ಸಣ್ಣ ಅದ."

"ಹೊಲಿಗೆಯಲ್ಲ. ಮೇಲಕ್ಕೆ ಎದ್ದು ಕಾಣ್ತಾವಲ್ಲ, ಡಬ್ಬಿಗಳು?"

ಬಂಡೆಮ್ಮನವರು ಕೌದಿ ನೋಡಿದರು, ನನ್ನನ್ನು ನೋಡಿದರು, ಮಗನನ್ನು ನೋಡಿದರು. ಕನಕರಾಯ ಮಾವನ ಮರ್ಯಾದೆಗೆಂದು ಕತ್ತು ಚಾಚಿ ಹುಡುಕಿದ. "ಎಲ್ಲಿ ಮಾವಾರೆ? ಕೌದಿ ಕೆಳಗ ಇಟ್ಟೀರೇನು?"

ಆಗ ಬಂಡೆಮ್ಮನವರು ಕೌದಿಯ ಹತ್ತಿರ ಸರಿದು ಬೆರಳಿಟ್ಟು ನೋಡತೊಡಗಿದರು. "ಈ ಚುಕ್ಕಿಯದು ನಮ್ಮ ನಾದಿನಿ ಯಂಕಮ್ಮಂದು. ಈ ಬಳ್ಳಿ ನಿಮ್ದು ಅಲ್ಲೇನ್ ಬೀಗತಿ, ಲಗ್ನದಾಗ ಉಟ್ಟಿದ್ರಿ." ಅವರಿಗೆ ಕಾಣುತ್ತಿದ್ದುದು ತಿಳಿ, ನಡುವಣ, ಗಾಢ ಅಲ್ಲ; ಯಂಕಮ್ಮ, ಬಸ್ಸಮ್ಮ. ನಾನು ಅರೆಗಣ್ಣಿನಲ್ಲಿ ಕರಗಿಸಿದ್ದ ಚುಕ್ಕಿ ಬಳ್ಳಿಗಳೆಲ್ಲ ತೆರೆದ ಕಣ್ಣಿನ ಮುಂದೆ ಎದ್ದು ಬಂದು ನನ್ನ ಡಬ್ಬಿಗಳನ್ನು ಪುಡಿ ಮಾಡಿದ್ದವು. ಆ ಬೆರಳು ಒಂದು ಕಪ್ಪು ವಜ್ರದ ಮೇಲೆ ನಿಂತಿತು. ಅಲ್ಲಿಂದ ಇನ್ನೊಂದಕ್ಕೆ ಹೋಯಿತು. ಕಾಲುದೆಸೆಯ ಅಂಚಿನವರೆಗೂ ಹೋಯಿತು.

"ಇದು ನಮ್ಮವ್ವಂದು" ಎಂದರು. "ಇಲ್ಲೂ ಅದ. ಇಲ್ಲೂ ಅದ." ಬೆರಳು ತೆಗೆದು, "ಹಿಂಗ್ಯಾಕ ಹರದು ಹಂಚೀರಿ?"

ಹುಲಿಗೆಮ್ಮ ತಲೆ ತಗ್ಗಿಸಿದಳು. ಅವಳ ಮುಂದಿನ ಎಷ್ಟು ವರ್ಷಗಳ ಬಾಳ್ವೆಯನ್ನು ನಾನು ಕತ್ತರಿಸಿದ್ದೇನೆಂದು ಆ ತಗ್ಗಿದ ತಲೆ ನೋಡಿ ತಿಳಿಯಿತು. ತಪ್ಪು ನನ್ನದೆಂದು ಹೇಳಬೇಕಿತ್ತು. ಹೇಳಲೆಂದೇ ಎದ್ದೆ. ಆದರೆ ಬಾಯಿ ತೆರೆದರೆ ಬಂದದ್ದು ಬೇರೆಯೇ: "ಬೀಗತಿಯವರೇ, ನೆರಳಿಗಾಗಿ ಹಾಗೆ ಮಾಡಿದ್ದು. ಈ ಕಡೆ ಬಂದು ನೋಡಿದರೆ ನಿಮಗೂ ಕಾಣ್ತದ, ತೋರಿಸ್ತೀನಿ, ತಡೀರಿ." ಲೋಟ ಹಿಡಿದೇ ಕೌದಿಯ ಮೇಲೆ ಕಾಲಿಟ್ಟೆ.

ಎದುರಿಗೆ ಒಂದು ಡಬ್ಬಿ ಇತ್ತು. ಅದು ಇಲ್ಲವೆಂದು ಆ ಕೋಣೆಯಲ್ಲಿ ನನ್ನಷ್ಟು ಶಾಸ್ತ್ರೀಯವಾಗಿ ತಿಳಿದವರು ಯಾರೂ ಇರಲಿಲ್ಲ. ಹಾಗಿದ್ದೂ, ವಾರಗಟ್ಟಲೆ ಅದನ್ನೇ ನೋಡಿದ ಕಾಲು ಪುಸ್ತಕ ಓದಿರಲಿಲ್ಲ. ಅದು ಮೆಟ್ಟಿಲು ಹತ್ತುವಂತೆ ಮೇಲಕ್ಕೆ ಎದ್ದಿತು. ಎದ್ದ ಕಾಲಿಗೆ ನೆಲ ಸಿಗಲಿಲ್ಲ. ನಾನು ಸಕಲ ಜ್ಞಾನಸಮೇತ ಬೋರಲು ಬಿದ್ದೆ. ಚಹಾ ಅಲೆಯಾಗಿ ಹರಿಯಿತು.

"ಏನ ಹತ್ತಾಕ ಹೋಗಿದ್ರಿ ಮಾವಾರೆ?" ಎಂದು ಕನಕರಾಯ ನಿಜವಾದ ಕಾಳಜಿಯಿಂದ ಕೇಳಿದ.

ಬಸ್ಸಮ್ಮ ನನ್ನನ್ನು ಎತ್ತಲಿಲ್ಲ. ನನ್ನ ಕೆಳಗಿನಿಂದ ಕೌದಿಯನ್ನು ಎಳೆದಳು. ಉರುಳಿ ಬರಿನೆಲಕ್ಕೆ ಬಿದ್ದು ನೋಡುತ್ತೇನೆ, ಅವಳು ಅದನ್ನು ಕೊಡವಿ, ಮಗುಚಿ, ಬಿಸಿಲು ಬೀಳುವಲ್ಲಿ ಹಾಸಿದಳು. ಕೌದಿಗೆ ಇನ್ನೊಂದು ಮಗ್ಗುಲಿರುತ್ತದೆಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ. ನಕ್ಷೆಯ ಹಾಳೆಯ ಬೆನ್ನನ್ನು ಯಾರು ನೋಡುತ್ತಾರೆ? ಆ ಮಗ್ಗುಲಿನ ನಟ್ಟನಡುವೆ, ಒಂದೂ ತುಂಡಾಗದೆ, ಚಂದ್ರಕಾಳಿಯ ಕೆಂಪು ಸೆರಗು ಪೂರ್ತಿ ಹರಡಿತ್ತು. ಸುತ್ತ ಬಸ್ಸಮ್ಮನ ಓಟದ ಹೊಲಿಗೆ ಸಾಲು ಬಿಡದೆ ತಿರುಗಿತ್ತು.

ಬಂಡೆಮ್ಮನವರು ಸೆರಗಿನ ಅಂಚನ್ನು ಅಂಗೈಯಿಂದ ಸವರಿದರು. ಆಮೇಲೆ ಸೊಸೆಯ ಕಡೆ ಕೈ ಚಾಚಿದರು. "ತಾರವ್ವಾ ಕೂಸಿನ್ನ." ಹುಲಿಗೆಮ್ಮ ಕೊಟ್ಟಳು. ಅವರು ಕೂಸನ್ನು ಸೆರಗಿನ ಮೇಲೆ ಮಲಗಿಸಿದರು. ಅದು ಒಮ್ಮೆ ಕಾಲು ಝಾಡಿಸಿ, ಹಾಯಾಗಿ ಒದ್ದೆ ಮಾಡಿತು.

"ಇದು ಮ್ಯಾಲಿನ ಮಗ್ಗಲ" ಎಂದರು ಬಂಡೆಮ್ಮನವರು, ಬಸ್ಸಮ್ಮನಿಗೆ. "ಬೀಗರು ತಿರುವಿ ಹಾಸಿದ್ರು, ಅದಕ್ಕ ನನಗ ತಿಳೀಲಿಲ್ಲ."

"ಗಂಡಸರಿಗೆ ಎಲ್ಲಿ ಗೊತ್ತಾಗ್ತದ್ರೀ" ಎಂದಳು ಬಸ್ಸಮ್ಮ. ಎಷ್ಟೋ ದಿನಗಳ ನಂತರ ಅವಳ ಬಾಯಿಂದ ನಾನು ಕೇಳಿದ ಮೊದಲ ಪೂರ್ಣ ವಾಕ್ಯ ಅದು. ಅದರಲ್ಲಿ ನನ್ನನ್ನು ಕಾಪಾಡುವ ಉದ್ದೇಶವಿತ್ತು. ಆದ್ದರಿಂದಲೇ ನನಗೆ ಇನ್ನಷ್ಟು ನಾಚಿಕೆಯಾಯಿತು.

ಬಂಡೆಮ್ಮನವರು ಕೌದಿಯ ಒಂದು ತುದಿ ಎತ್ತಿ ಕೆಳಗೆ ಇಣುಕಿ ನೋಡಿ, ನನ್ನ ಕಡೆ ತಿರುಗಿದರು. ಮುಖದಲ್ಲಿ ನಗೆಯ ಸುಳಿವಿರಲಿಲ್ಲ.

"ಬೀಗರ, ಕೆಳಗಿನ ಮಗ್ಗಲಕ್ಕ ಡಬ್ಬಿ ಎದ್ದು ನಿಂತಾವ ಅಂದ್ರಲ್ಲ. ಕೂಸಿನ ಬೆನ್ನಿಗೆ ಚುಚ್ಚೋದಿಲ್ಲ ಹೌದಲ್ರೀ?"

ಎಲ್ಲರೂ ನನ್ನ ಮುಖ ನೋಡಿದರು. ಅಂಗಿಯಿಂದ ಚಹಾ ತೊಟ್ಟಿಕ್ಕುತ್ತಿತ್ತು.

"ಇಲ್ರೀ" ಎಂದೆ. "ಅಲ್ಲಿ ಡಬ್ಬಿಗಿಬ್ಬಿ ಏನೂ ಇಲ್ಲ."