ಸಾಠೆ ಕಾಕಾನ ಧ್ವನಿಯಲ್ಲಿ ಬೆಳೆದ ಟೊಮ್ಯಾಟೊ

ಟೊಮ್ಯಾಟೊ ಬೆಳೆಯುವುದೇನು ಮಹಾ? ಗಟಾರದ ಬದಿಯಲ್ಲಿ, ಯಾರೂ ನೀರು ಹಾಕದ ಜಾಗದಲ್ಲಿ, ತಾನಾಗಿ ಹುಟ್ಟಿ ತಾನಾಗಿ ಕಾಯಿ ಬಿಡುವ ಗಿಡ ಅದು. ಅಂಥದ್ದಕ್ಕೆ ನನ್ನಂಥ ಪದವೀಧರನೇ ಬೆನ್ನಿಗೆ ನಿಂತರೆ ಕೇಳಬೇಕೆ! ಈ ನಂಬಿಕೆಯಿಂದ ಹೊರಟವನು ನಾನು. ಈಗ ಪುಣೆಯ ನಮ್ಮ ಕೊಂಢವಾ ಬಡಾವಣೆಯ ತರಕಾರಿ ಗಾಡಿಯ ಮೇಲೆ ಟೊಮ್ಯಾಟೊ ಕಂಡರೂ ಹಲ್ಲು ಕಡಿಯುತ್ತೇನೆ.

ಬೀಜ ಕೊಟ್ಟವಳು ನನ್ನ ಅತ್ತಿ. ಅಪ್ಪನ ಅಕ್ಕ, ಬೈಲಹೊಂಗಲದ ಕಡೆಯ ಹಳ್ಳಿಯವಳು. ಅವಳ ಹಿತ್ತಿಲಲ್ಲಿ ಅವಳ ಅತ್ತೆಯ ಕಾಲದಿಂದ ಬಂದ ಒಂದು ಜವಾರಿ ಟೊಮ್ಯಾಟೊ ಇತ್ತು. ಚಪ್ಪಟೆ ಹಣ್ಣು, ಮೈತುಂಬ ಮಡಿಕೆ, ಸಿಟ್ಟಿಗೆದ್ದವರ ಹಣೆಯ ಹಾಗೆ. ಅದರ ಹುಳಿಯ ಮುಂದೆ ಅಂಗಡಿಯ ಹಣ್ಣು ಬರೀ ಬಣ್ಣದ ನೀರು. ಆ ತಳಿ ಬೇರೆ ಯಾರ ಹತ್ತಿರವೂ ಉಳಿದಿಲ್ಲ. ಹೋದ ವರ್ಷ ಅವಳ ಗಿಡಗಳೂ ರೋಗ ಬಂದು ಸತ್ತವು. ಉಳಿದದ್ದು ಹಳೆಯ ಧೋತರದ ತುಂಡಿಗೆ ಅಂಟಿಸಿ ಒಣಗಿಸಿದ ಒಂದು ಚಿಟಿಕೆ ಬೀಜ.

"ಇಲ್ಲಿ ಮಣ್ಣಿಗೇ ರೋಗ ಹತ್ತೇದೋ ವಿನ್ಯಾ. ಪುಣೆದಾಗ ಹೊಸಾ ಮಣ್ಣಾಗ ಹಾಕು. ಹಣ್ಣು ತಿನ್ನಬ್ಯಾಡ, ಬೀಜಕ್ಕ ಬಿಡು. ಗಿಡದಾಗ ಪೂರಾ ಮೆತ್ತಗಾಗಲಿ. ಇದನ್ನ ಕಳದಿ ಅಂದ್ರ ನನ್ನ ಹೊಸ್ತಿಲಾ ತುಳಿಬ್ಯಾಡ, ನೋಡು!"

"ಚಿಂತಿಸಬೇಡಿ ತಾಯಿ, ಇಲಾಖೆ ನಿಮ್ಮ ಬೆನ್ನಿಗಿದೆ," ಎಂದು ನಾನು ಕೃಷಿ ಅಧಿಕಾರಿಯ ಧ್ವನಿಯಲ್ಲಿ ಹೇಳಿದೆ. ಬೆನ್ನಿಗೆ ಗುದ್ದು ಬಿತ್ತು. ನನಗೆ ಕಂಡಕಂಡವರ ಧ್ವನಿ ತೆಗೆಯುವ ಚಟ. ಮನೆಯಲ್ಲಿ ಅದಕ್ಕೆ ಕಲೆ ಎಂಬ ಗೌರವ ಇನ್ನೂ ಸಿಕ್ಕಿಲ್ಲ.

ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಗಚ್ಚಿಯ ಮೇಲೆ, ಅಂದರೆ ತಾರಸಿಯಲ್ಲಿ, ಖಾಲಿ ಪೇಂಟ್ ಬಕೆಟ್‌ಗಳಲ್ಲಿ ಅಷ್ಟೂ ಬೀಜ ಹಾಕಿದೆ. ಚಿಗುರಿದವು. ಅಷ್ಟರಲ್ಲಿ ಸೆಕ್ರೆಟರಿ ಸಾಠೆ ಕಾಕಾನ ಆಜ್ಞೆ ಹೊರಟಿತು: ಗಚ್ಚಿ ಸೋರುತ್ತದೆ, ಸಂಜೆಯೊಳಗೆ ಬಕೆಟ್ ಎಲ್ಲ ಕಸಕ್ಕೆ ಹಾಕು! ನನಗೆ ಮೈಯೆಲ್ಲ ಉರಿಯಿತು. ಈ ಮನುಷ್ಯನ ಮನೆಯ ಏಸಿ ನೀರು ವರ್ಷವಿಡೀ ನಮ್ಮ ಬಾಲ್ಕನಿಗೆ ಸುರಿಯುತ್ತದೆ. ಅದು ಸೋರಿಕೆ ಅಲ್ಲ, ಗಂಗಾವತರಣ! ನಾನು ಹಾಕುವ ಒಂದು ಚೊಂಬು ನೀರಿಗೆ ಮಾತ್ರ ಕಟ್ಟಡ ಕುಸಿಯುತ್ತದೆ!

ಬಕೆಟ್ ಎತ್ತಬೇಕಾದವನು ವಾಚ್‌ಮನ್ ಮಲ್ಲಣ್ಣ. ಯಾದಗಿರಿ ಕಡೆಯವನು, ಹೇಳಿದ್ದನ್ನು ಹೇಳಿದಂತೆ ಮಾಡುವವನು. ಗೇಟಿನ ಇಂಟರ್‌ಕಾಮಿನಲ್ಲಿ ಯಾವ ಮನೆಯ ಫೋನ್ ಎಂದು ತಿಳಿಯುವುದಿಲ್ಲ. ನಾನು ರಿಸೀವರ್ ಎತ್ತಿದೆ. ಸಾಠೆ ಕಾಕಾನ ಹಾಗೆ ಕೆಮ್ಮಿದೆ. ಮೂಗಿನಿಂದ ಮರಾಠಿ ಹೊರಡಿಸಿದೆ.

"ಐಕ್ ಮಲ್ಲಣ್ಣಾ! ಗಚ್ಚೀವರಚ್ಯಾ ಝಾಡಾಂನಾ ಹಾತ್ ಲಾವಾಯ್ಚಾ ನಾಹೀ!" ಗಚ್ಚಿಯ ಗಿಡಗಳಿಗೆ ಕೈ ಹಚ್ಚಕೂಡದು!

"ಹೋ ಸಾಹೇಬ!" ಎಂದ ಮಲ್ಲಣ್ಣ.

ಗಿಡ ಉಳಿಯಿತು! ಸಾಠೆ ಕಾಕಾನಿಗೆ ಮೊಣಕಾಲು ನೋವು, ಗಚ್ಚಿ ಹತ್ತಿ ನೋಡುವ ಮಾತೇ ಇಲ್ಲ. ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬುದ್ಧಿವಂತ. ಆದರೆ ಒಮ್ಮೆ ಅಧಿಕಾರದ ರುಚಿ ಹತ್ತಿತಲ್ಲ! ಮರುದಿನ ಸಾಠೆ ಧ್ವನಿಯಲ್ಲಿ ಗಿಡಕ್ಕೆ ನೀರು ಹಾಕಿಸಿದೆ. ಆಮೇಲೆ ಕೋಲು ಕಟ್ಟಿಸಿದೆ. ಪಾರಿವಾಳ ಓಡಿಸಲು ಹಚ್ಚಿದೆ. ಮಲ್ಲಣ್ಣ ಮೇಲೆ ಚಪ್ಪಾಳೆ ಹೊಡೆಯುತ್ತಿದ್ದರೆ ನಾನು ಕೆಳಗೆ ಕಾಲ ಮೇಲೆ ಕಾಲು ಹಾಕಿ ಚಹಾ ಕುಡಿಯುತ್ತಿದ್ದೆ. ಕಾಯಿ ಕೆಂಪಾದ ಮೇಲಂತೂ ದಿನವೂ ಒಂದೇ ವಿಚಾರಣೆ: ಮೆತ್ತಗಾದವೇನು?

ಒಂದು ಭಾನುವಾರ ಮಧ್ಯಾಹ್ನ ಕಾಕಾನ ಹೆಂಡತಿ ಸಾಠೆ ಕಾಕೂ ನಮ್ಮ ಮನೆಗೆ ಒಂದು ಬಟ್ಟಲು ಟೊಮ್ಯಾಟೊ ಸಾರು ತಂದು ಕೊಟ್ಟು ಹೋದರು. ಅವ್ವ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು.

"ಏನ್ ರುಚಿ ಅದನೋ! ಥೇಟ್ ನಿಮ್ಮತ್ತಿ ಮಾಡಿದ್ಹಂಗ."

ನಾನೂ ಕುಡಿದೆ. ಇನ್ನೊಮ್ಮೆ ಬಡಿಸಿಕೊಂಡು ಕುಡಿದೆ. ಬಟ್ಟಲನ್ನು ಬೆರಳಿನಿಂದ ನೆಕ್ಕುವಾಗ ತಲೆಗೆ ಬೆಳಕಾಯಿತು. ಅತ್ತಿ ಮಾಡಿದ ಹಾಗೆ?

ಗಚ್ಚಿಗೆ ಓಡಿದೆ. ಗಿಡ ಬೋಳು! ಅದೇ ವೇಗದಲ್ಲಿ ಗೇಟಿಗೆ ಇಳಿದೆ.

"ಮಲ್ಲಣ್ಣಾ! ಗಿಡದಾಗಿನ ಹಣ್ಣೆಲ್ಲಿ?"

"ಸಾಹೇಬ್ರ ಮಾಲು ಸಾಹೇಬ್ರ ಮನಿಗಿ ಮುಟ್ಟಿಸೀನ್ರಿ," ಎಂದ ಅವನು ಎದೆಯುಬ್ಬಿಸಿ. "ಪಾಪ, ದಿನಾ ಫೋನ್ ಮಾಡಿ ಕೇಳ್ತಿದ್ರು, ಮೆತ್ತಗಾದ್ವೇನು, ಮೆತ್ತಗಾದ್ವೇನು ಅಂತ. ಭಾಳ ಆಸಿ ಇತ್ರಿ ಅವ್ರಿಗಿ."

ಯಾರ ಕಪಾಳಕ್ಕೆ ಹೊಡೆಯಬೇಕೋ ತಿಳಿಯಲಿಲ್ಲ. ಸಮೀಪದಲ್ಲಿ ಇದ್ದದ್ದು ನನ್ನದೇ!

ಸಾಠೆಯವರ ಬಾಗಿಲು ಬಡಿದೆ. ಬುಟ್ಟಿ ತುಂಬ ಹಣ್ಣು ಬಂದಾಗ ಯಾರದು ಎಂದು ಈ ಮನುಷ್ಯ ಕೇಳಿಯೇ ಇರಲಿಲ್ಲ. ಬಿಟ್ಟಿ ಬಂದದ್ದನ್ನು ವಿಚಾರಿಸುವ ಕೆಟ್ಟ ಚಾಳಿ ಅವರಿಗಿಲ್ಲ. ಕಾಕೂ ಎಲ್ಲವನ್ನೂ ಕುದಿಸಿ, ಸೋಸಿ, ಬೀಜವನ್ನು ಮೋರಿಗೆ ಸುರಿದಿದ್ದರು. ನಾಳೆಯ ಕೋಸಂಬರಿಗೆಂದು ಫ್ರಿಜ್ಜಿನಲ್ಲಿ ಒಂದೇ ಒಂದು ಹಣ್ಣು ಉಳಿದಿತ್ತು. ಅತ್ತಿಯ ಅತ್ತೆಯ ಕಾಲದ ತಳಿಯೆಲ್ಲ ಈಗ ಆ ಒಂದು ಹಣ್ಣಿನೊಳಗೆ, ಮೊಸರಿನ ಪಾತೆಲಿಯ ಪಕ್ಕದಲ್ಲಿ ಕೂತಿತ್ತು!

"ಕಾಕಾ, ಅದು ನನ್ನದು!" ಎಂದು ಮರಾಠಿಯಲ್ಲಿ ಕೂಗಿದೆ.

ಸಾಠೆ ಕಾಕಾ ಹಣ್ಣನ್ನು ಕೈಗೆ ತೆಗೆದುಕೊಂಡು ಸಾಕ್ಷಿ ಏನು ಎಂದರು. ಸಾಕ್ಷಿ ಹೇಳಬೇಕಾದರೆ ಎಲ್ಲವನ್ನೂ ಹೇಳಬೇಕು. ಹೇಳಿದೆ. ಅವರ ಮುಖ ಆ ಹಣ್ಣಿನ ಬಣ್ಣಕ್ಕೆ ತಿರುಗಿತು.

"ಕರೂನ್ ದಾಖವ್!" ಮಾಡಿ ತೋರಿಸು!

ಕೆಮ್ಮಿ, ಮೂಗಿನಿಂದ ಮಾಡಿ ತೋರಿಸಿದೆ. ಕಾಕೂ ನಕ್ಕು ನಕ್ಕು ಗೋಡೆ ಹಿಡಿದು ಕೂತರು. ಕಾಕಾ ನಗಲಿಲ್ಲ. "ನನ್ನ ಧ್ವನಿಯಲ್ಲೇ ಸುಳ್ಳು ಹೇಳಿದವನು ತನ್ನ ಧ್ವನಿಯಲ್ಲಿ ನಿಜ ಹೇಳುತ್ತಾನೆಂದು ಹೇಗೆ ನಂಬಲಿ, ನಿನ್ನ ಅತ್ತಿಯನ್ನೇ ಕೇಳುತ್ತೇನೆ, ಫೋನ್ ಹಚ್ಚು," ಎಂದರು. ಹಚ್ಚಿದೆ. ಫೋನನ್ನು ಅವರೇ ಕಸಿದುಕೊಂಡು, ಕೆಮ್ಮಿ, ಮೂಗಿನಿಂದ ಶುರು ಮಾಡಿದರು: ತಾಯೀ, ನಾನು ಸೆಕ್ರೆಟರಿ ಸಾಠೆ ಮಾತಾಡುವುದು, ನಿಮ್ಮ ಟೊಮ್ಯಾಟೊ...

ಅತ್ತಿಗೆ ಮರಾಠಿ ಬರುತ್ತದೆ. ಆದರೆ ನನ್ನ ಚಟವೂ ಗೊತ್ತು!

"ಏ ವಿನ್ಯಾ! ಸಾಕ್ ಮಾಡಲೇ ಕತ್ತೀ, ನಿನ್ನ ನಾಟಕ! ದಿನಕ್ಕೊಂದು ಧ್ವನಿ ತಗದು ಯಾರನ್ನ ಮಂಗ್ಯಾ ಮಾಡ್ತಿ? ನನ್ನ ಬೀಜಕ್ಕೇನರ ಆಗಿತ್ತಂದ್ರ ನಿನ್ನ ಚರ್ಮಾ ಸುಲದು ಹಿತ್ತಲದಾಗ ಒಣಾಕ್ತೀನಿ! ನಾಚಿಗ್ಗೇಡಿ!"

ಕಾಕಾ ಫೋನನ್ನು ಕಿವಿಯಿಂದ ದೂರ ಹಿಡಿದರು. ಇಡೀ ಮೆಟ್ಟಿಲಿಗೆ ಕೇಳಿತು. ಕನ್ನಡದ ಒಂದಕ್ಷರವೂ ತಿಳಿಯದ ಆ ಮನುಷ್ಯ ಕೊನೆಯವರೆಗೂ ನಿಂತು ಬೈಸಿಕೊಂಡು, ಫೋನನ್ನು ಎರಡೂ ಕೈಯಿಂದ ನನಗೆ ಮರಳಿಸಿದರು.

"ಮಾಲಕೀಣ್ ಹೀಚ್," ಎಂದರು. ಒಡತಿ ಇವಳೇ. ಇಷ್ಟು ಸಿಟ್ಟು ಬೇರೆಯವರ ಮಾಲಿಗೆ ಬರುವುದಿಲ್ಲ!

ಹಣ್ಣು ಗೆದ್ದೆ ಎಂದುಕೊಂಡು ಕೈ ಚಾಚಿದೆ. ಅವರು ಅದನ್ನು ಕಾಕೂಗೆ ಕೊಟ್ಟರು. ಇಂಥ ವಸ್ತುವನ್ನು ನನ್ನ ಕೈಗೆ ಕೊಡುವುದು ಆ ಬಾಯಿಗೆ, ಅಂದರೆ ಆ ಹೆಣ್ಣುಮಗಳಿಗೆ, ಮಾಡುವ ಮೋಸವಂತೆ! ಆ ಬಾಯಿ ಎಂದರೆ ನನ್ನ ಸ್ವಂತ ಅತ್ತಿ! ಬೀಜದ ಕೆಲಸವೆಲ್ಲ ಅವರ ಮನೆಯಲ್ಲೇ ಆಯಿತು. ತಿರುಳನ್ನು ಗ್ಲಾಸಿನಲ್ಲಿ ನೊರೆ ಬರುವ ತನಕ ಹುಳಿಯಲು ಇಡಬೇಕು. ಆ ನಾತ ಸಾಠೆಯವರ ಮನೆಯನ್ನೆಲ್ಲ ತುಂಬಿತ್ತು. ನನಗೆ ಸಿಕ್ಕ ನ್ಯಾಯ ಅಷ್ಟೇ. ತೊಳೆದಾಗ ತಳಕ್ಕೆ ಕೂತ ಬೀಜಗಳನ್ನು ಕಾಕೂ ಬಟ್ಟೆಗೆ ಅಂಟಿಸಿ ಒಣಗಿಸಿದರು. ಅರ್ಧ ಅತ್ತಿಗೆ ಹೋಯಿತು. ಅರ್ಧ, ಈ ಸಲ ಕಾಕಾನ ಅಪ್ಪಣೆಯಿಂದಲೇ, ನಮ್ಮ ಗಚ್ಚಿಯ ಬಕೆಟ್‌ಗಳಿಗೆ. ಅತ್ತಿ ಈಗ ಕ್ಷೇಮಸಮಾಚಾರಕ್ಕೆ ಸಾಠೆಯವರಿಗೇ ಫೋನ್ ಮಾಡುತ್ತಾಳೆ. ಭಾಳ ಮರ್ಯಾದಸ್ಥ ಮನಿಷ್ಯಾ ಅಂತೆ!

ಗಚ್ಚಿಗೆ ಈಗ ಬೀಗ. ಕೀಲಿ ಮಲ್ಲಣ್ಣನ ಹತ್ತಿರ. ಫೋನಿನಲ್ಲಿ ಯಾರು ಏನು ಹೇಳಿದರೂ ನಂಬಬೇಡ ಎಂದು ಅವನಿಗೆ ಕಾಕಾ ಎದುರಿಗೇ ನಿಂತು ಹೇಳಿದ್ದಾರೆ. ನಿನ್ನೆ ಸಸಿ ಮೂಡಿವೆ ಎಂದು ಅವ್ವ ಹೇಳಿದಳು. ತಡೆಯಲಾಗದೆ ಇಂಟರ್‌ಕಾಮ್ ಎತ್ತಿದೆ. ಕೆಮ್ಮಲಿಲ್ಲ, ಮೂಗು ಮುಟ್ಟಲಿಲ್ಲ.

"ಮಲ್ಲಣ್ಣಾ, ನಾನು ವಿನಾಯಕ. ಗಚ್ಚಿ ಬಾಗಲಾ ತಗೀಯಪ್ಪಾ, ಸಸಿ ನೋಡ್ಬೇಕು."



"ಯಾರ್ರಿ ನೀವು? ವಿನಾಯಕ್ರ ಧ್ವನಿ ನಿಮಗ ಸರಿ ಬಂದಿಲ್ಲ ನೋಡ್ರಿ," ಎಂದು ಅವನು ಫೋನ್ ಇಟ್ಟ.

ಇವತ್ತು ಬೆಳಿಗ್ಗೆಯಿಂದ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೇನೆ. ನನ್ನ ಧ್ವನಿ ತೆಗೆಯುವುದು ಭಾರೀ ಕಷ್ಟ ಇದೆ!